ಜ್ವರ ಕಾಣುವ ಮೊದಲೋ, ಕಂಡ ಮೇಲೋ

ಕೊರೊನಾ ಬಂದ ಮೇಲೆ ನಮ್ಮಲ್ಲಿ 1918ರ ಮಾತು ಮತ್ತೆ ಚಾಲ್ತಿಗೆ ಬಂತು. ಅದುವರೆಗೆ ಬಹಳ ಜನ ಹೆಸರೂ ಕೇಳಿರದಿದ್ದ ಆ ಇನ್‌ಫ್ಲುಯೆಂಜಾ ಪಿಡುಗಿನ ಹಳೆಯ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದು ಕೂತವು. ಮುಖಗವಸು ಕಟ್ಟಿಕೊಂಡ ಪೊಲೀಸರು, ಉದ್ದನೆಯ ಕೋಣೆಯಲ್ಲಿ ಸಾಲು ಹಾಸಿಗೆಗಳು. ಜೊತೆಗೆ ಒಂದು ಮಾತೂ ತೇಲಿ ಬಂತು: ಇಂಥದ್ದು ನೂರು ವರ್ಷಕ್ಕೊಮ್ಮೆ ಬರುತ್ತದಂತೆ. ಹಾಗಿದ್ದರೆ ನಮ್ಮ ಪಾಲಿನದು ಮುಗಿಯಿತಲ್ಲ, ಮುಂದಿನದನ್ನು ಮರಿಮಕ್ಕಳು ನೋಡಿಕೊಳ್ಳಲಿ ಎಂಬ ನೆಮ್ಮದಿ ಆ ಮಾತಿನೊಳಗೆ ಅಡಗಿದೆ. ಲೆಕ್ಕ ಮಾತ್ರ ಹಾಗಿಲ್ಲ. 1918ರ ನಂತರ 1957ರಲ್ಲಿ, 1968ರಲ್ಲಿ, 2009ರಲ್ಲಿ ಹೊಸ ಹೊಸ ಫ್ಲೂ ಲೋಕವನ್ನೆಲ್ಲ ಸುತ್ತಿ ಹೋಗಿದೆ, ಆಮೇಲೆ 2020. ಹಳೆಯ ಪಿಡುಗು, ಹೊಸ ಪಿಡುಗು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದೇ. ಆದರೆ ನಾವು ನೋಡುವುದು ಎಷ್ಟು ಜನ ಸತ್ತರು ಎಂಬುದನ್ನು. ಸಾವಿನ ಲೆಕ್ಕದಿಂದ ಎದೆ ನಡುಗುತ್ತದೆ, ಮುಂದಿನ ಸಲ ಏನು ಮಾಡಬೇಕೆಂಬುದು ಅದರಿಂದ ತಿಳಿಯುವುದಿಲ್ಲ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯಂಥ ಬೆಟ್ಟದ ನಾಡಿಗೆ ಉಪಯೋಗಕ್ಕೆ ಬರುವ ಹೋಲಿಕೆ ಬೇರೆ ಒಂದಿದೆ. ರೋಗಿ ಇನ್ನೊಬ್ಬರಿಗೆ ರೋಗ ಕೊಡುವುದು ಯಾವಾಗ, ಜ್ವರ ಕಾಣುವ ಮೊದಲೋ, ಕಂಡ ಮೇಲೋ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಮ್ಮ ಉಪಾಯವೆಲ್ಲ ನಿಂತಿದೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಸಿಡುಬನ್ನು ನೋಡೋಣ. ಮನುಷ್ಯರಿಗೆ ಬರುವ ರೋಗಗಳಲ್ಲಿ ನಾವು ಪೂರ್ತಿ ಗೆದ್ದದ್ದು ಅದೊಂದೇ. ಸಿಡುಬು ಮೈ ಸೇರಿದ ಮೇಲೆ ಸುಮಾರು ಹನ್ನೆರಡು ದಿನ ಸುಮ್ಮನಿರುತ್ತಿತ್ತು. ಆ ದಿನಗಳಲ್ಲಿ ರೋಗಿ ಓಡಾಡಿದರೂ ಯಾರಿಗೂ ಅಂಟುತ್ತಿರಲಿಲ್ಲ. ಜ್ವರ ಬಂದು, ಮೈಮೇಲೆ ಗುಳ್ಳೆ ಎದ್ದ ಮೇಲೆಯೇ ಅದು ಇನ್ನೊಬ್ಬರಿಗೆ ಹೋಗುತ್ತಿದ್ದುದು. ಅಷ್ಟು ಹೊತ್ತಿಗೆ ರೋಗಿ ಹಾಸಿಗೆ ಹಿಡಿದಿರುತ್ತಿದ್ದ, ಮುಖ ನೋಡಿದ ಯಾರೇ ಆದರೂ ಇದು ಅಮ್ಮನೇ ಎಂದು ಹೇಳಿಬಿಡುತ್ತಿದ್ದರು. ಇನ್ನೂ ಒಂದು ಅನುಕೂಲವಿತ್ತು: ರೋಗಿಯ ಹತ್ತಿರ ಇದ್ದವರಿಗೆ ಮೂರು ನಾಲ್ಕು ದಿನದೊಳಗೆ ಲಸಿಕೆ ಹಾಕಿದರೂ ಬಹುಮಟ್ಟಿಗೆ ಕಾಪಾಡಬಹುದಿತ್ತು. ನಮ್ಮ ದೇಶ 1962ರಲ್ಲಿ ಸಿಡುಬು ನಿರ್ಮೂಲನ ಕಾರ್ಯಕ್ರಮ ಶುರುಮಾಡಿದಾಗ ಗುರಿ ಇಟ್ಟದ್ದು ಎಲ್ಲರಿಗೂ ಲಸಿಕೆ ಹಾಕುವುದಕ್ಕೆ. ಕೋಟಿಗಟ್ಟಲೆ ಜನರಿಗೆ ಹಾಕಿದರು, ಆದರೂ ರೋಗ ನಿಲ್ಲಲಿಲ್ಲ. 1974ರಲ್ಲಂತೂ ದೇಶದಲ್ಲಿ ಸುಮಾರು 1,88,000 ಪ್ರಕರಣಗಳು. ಅಷ್ಟರಲ್ಲಿ, 1973ರ ಕೊನೆಯಿಂದ, ಕ್ರಮ ಬದಲಾಗಿತ್ತು. ಆರೋಗ್ಯ ಕಾರ್ಯಕರ್ತರು ಸಿಡುಬಿನ ಮಗುವಿನ ಚಿತ್ರವಿರುವ ಕಾರ್ಡು ಹಿಡಿದು ಮನೆಮನೆಗೆ, ಸಂತೆಗೆ, ಶಾಲೆಗೆ ಹೋಗಿ, ಹೀಗಿರುವವರನ್ನು ಎಲ್ಲಾದರೂ ಕಂಡಿರಾ ಎಂದು ಕೇಳತೊಡಗಿದರು. ಕಂಡದ್ದು ಹೇಳಿದವರಿಗೆ ಬಹುಮಾನ. ಕೊನೆಕೊನೆಗೆ ಅದು ಸಾವಿರ ರೂಪಾಯಿಗೆ ಏರಿತ್ತು. ರೋಗಿ ಸಿಕ್ಕ ಮನೆಗೆ ಕಾವಲು ಹಾಕಿ, ಸುತ್ತಲಿನ ಮನೆಗಳಿಗೆ ಮಾತ್ರ ತಕ್ಷಣ ಲಸಿಕೆ. ಮೇ 1975ಕ್ಕೆ ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ. ಹತ್ತು ವರ್ಷ ಸಾಮೂಹಿಕ ಲಸಿಕೆಯಿಂದ ಆಗದ ಕೆಲಸ ಎರಡು ವರ್ಷದ ಹುಡುಕಾಟದಿಂದ ಆಯಿತು. ಕಾರಣ ಇಷ್ಟೇ: ರೋಗ ಹರಡುವ ಹೊತ್ತಿಗೆ ರೋಗಿ ಕಣ್ಣಿಗೆ ಕಾಣುತ್ತಿದ್ದ.

2003ರ ಸಾರ್ಸ್ ಕೂಡ ಇದೇ ಜಾತಿ. ಅದೂ ಕೊರೊನಾ ವೈರಾಣುವೇ, ಕೋವಿಡ್‌ನ ಹತ್ತಿರದ ಬಂಧು. ಆದರೆ ಸಾರ್ಸ್ ರೋಗಿ ಹೆಚ್ಚಾಗಿ ಹರಡುತ್ತಿದ್ದುದು ಜ್ವರ ಬಂದು ವಾರ ಕಳೆದ ಮೇಲೆ, ಅಂದರೆ ಆಸ್ಪತ್ರೆ ಸೇರಿದ ಮೇಲೆ. ಹಾಗಾಗಿ ಆಸ್ಪತ್ರೆಯ ಬಾಗಿಲು ಭದ್ರ ಮಾಡಿ, ಸಂಪರ್ಕಕ್ಕೆ ಬಂದವರನ್ನು ಬೇರೆ ಇರಿಸಿದ್ದಕ್ಕೆ ಸುಮಾರು 8,100 ಪ್ರಕರಣ, 774 ಸಾವಿಗೆ ಅದು ನಿಂತುಹೋಯಿತು. ಜುಲೈ ಹೊತ್ತಿಗೆ ಅದು ಹರಡುವುದು ಜಗತ್ತಿನಲ್ಲೆಲ್ಲ ನಿಂತಿತು, ಲಸಿಕೆಯ ಹಂಗಿಲ್ಲದೆ. ನಮಗೆ ಹತ್ತಿರದ ಉದಾಹರಣೆ ಬೇಕೆಂದರೆ 2018ರ ಮೇ ತಿಂಗಳ ಕೋಝಿಕ್ಕೋಡ್. ಅಲ್ಲಿ ನಿಫಾ ವೈರಾಣು ತಗುಲಿದವರಲ್ಲಿ ಬಹುಪಾಲು ಜನ ಸತ್ತರು, ಅಧಿಕೃತ ಲೆಕ್ಕದಲ್ಲಿ 17 ಮಂದಿ. ಅಷ್ಟು ಕ್ರೂರವಾದ ರೋಗ ಜಿಲ್ಲೆ ದಾಟಿ ದೊಡ್ಡದಾಗಿ ಬೆಳೆಯಲಿಲ್ಲ. ಕೇರಳದ ಆರೋಗ್ಯ ಇಲಾಖೆ ಎರಡು ಸಾವಿರಕ್ಕೂ ಹೆಚ್ಚು ಸಂಪರ್ಕಿತರ ಪಟ್ಟಿ ಮಾಡಿ ದಿನಾ ವಿಚಾರಿಸಿತು. ನಿಫಾ ಹರಡುವುದೂ ರೋಗಿ ಮಲಗಿದ ಮೇಲೆ, ಆರೈಕೆ ಮಾಡುವವರಿಗೆ. ಎಷ್ಟು ಜನರನ್ನು ಕೊಲ್ಲುತ್ತದೆ ಎಂಬುದಕ್ಕೂ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೂ ನಂಟು ನಾವು ಅಂದುಕೊಂಡಷ್ಟಿಲ್ಲ.

ಇನ್ನು ಫ್ಲೂ. ಇಲ್ಲಿ ಆಟವೇ ಬೇರೆ. ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಅದಕ್ಕೆ ಎರಡು ಮೂರು ದಿನ ಸಾಕು. ಮೈ ಬಿಸಿಯಾಗುವ ಹಿಂದಿನ ದಿನವೇ ಉಸಿರಿನಲ್ಲಿ ವೈರಾಣು ಇರುತ್ತದೆ. 1918ರ ಜೂನ್‌ನಲ್ಲಿ ಮುಂಬೈ ಬಂದರಿನ ಕಡೆ ಅದು ಕಾಣಿಸಿಕೊಂಡಾಗ ಸೌಮ್ಯವಾಗಿತ್ತು. ಸೆಪ್ಟೆಂಬರ್ ನಂತರದ ಎರಡನೇ ಅಲೆ ದೇಶದ ಬೆನ್ನು ಮುರಿಯಿತು. ಮುಂಬೈಯಿಂದ ಅದು ಒಳನಾಡಿಗೆ ಬಂದದ್ದು ರೈಲಿನಲ್ಲಿ, ಟಪಾಲಿನವರ ಜೊತೆ, ಯುದ್ಧದಿಂದ ಮರಳುವ ಸಿಪಾಯಿಗಳ ಜೊತೆ. ಇವರಲ್ಲಿ ಎಷ್ಟೋ ಮಂದಿ ಹೊರಡುವಾಗ ಗಟ್ಟಿಮುಟ್ಟಾಗಿಯೇ ಇದ್ದರು. ಭಾರತದಲ್ಲಿ ಸತ್ತವರು ಒಂದು ಅಂದಾಜಿನಂತೆ 1.2 ಕೋಟಿ, ಇನ್ನೊಂದರಂತೆ 1.8 ಕೋಟಿ. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆ ಬೆಳೆಯುವ ಬದಲು ಕುಗ್ಗಿತು. ಜನಗಣತಿಯ ಚರಿತ್ರೆಯಲ್ಲಿ ಹಾಗಾದದ್ದು ಆ ಒಂದು ದಶಕದಲ್ಲಿ ಮಾತ್ರ. ಆಗಿನ ಮಂಜರಾಬಾದ್ ತಾಲ್ಲೂಕಿಗೆ, ಅಂದರೆ ಈಗಿನ ಸಕಲೇಶಪುರಕ್ಕೆ, ರೈಲಿರಲಿಲ್ಲ. ಘಟ್ಟದ ರಸ್ತೆ ಇತ್ತು, ಕಾಫಿ ಕುಯ್ಲಿಗೆ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ಬರುವ ಆಳುಗಳಿದ್ದರು. ಎರಡನೇ ಅಲೆ ಬಂದದ್ದು ತೋಟಗಳವರು ಕುಯ್ಲಿಗೆ ಜನ ಹೊಂದಿಸುವ ಹೊತ್ತಿಗೇ. 1957ರ ಫ್ಲೂ ಬಂದದ್ದು ಹಡಗಿನಲ್ಲಿ, ಮೇ ತಿಂಗಳಲ್ಲಿ, ಮದರಾಸಿಗೆ. ಕೆಲವೇ ತಿಂಗಳಲ್ಲಿ ದೇಶದಲ್ಲೆಲ್ಲ ಹರಡಿ, ದಾಖಲಾದ ಲೆಕ್ಕದಲ್ಲೇ 44 ಲಕ್ಷ ಜನರಿಗೆ ತಗುಲಿತು. ದಾಖಲಾದ ಸಾವು ಮಾತ್ರ ಸಾವಿರದ ನೂರರ ಆಸುಪಾಸು. ಹರಡುವ ರೀತಿ 1918ರದ್ದೇ, ಕೊಲ್ಲುವ ಶಕ್ತಿ ಬೇರೆ.

ಕೋವಿಡ್ ವಂಶದಲ್ಲಿ ಸಾರ್ಸ್‌ನ ತಮ್ಮನಾದರೂ ಗುಣದಲ್ಲಿ ಫ್ಲೂ ಕಡೆಯದು. ಜ್ವರ ಬರುವ ಎರಡು ದಿನ ಮೊದಲಿಂದಲೇ ಅದು ಹರಡಬಲ್ಲದು. ಕೆಲವರಿಗೆ ಜ್ವರವೇ ಬರುವುದಿಲ್ಲ, ಆದರೂ ಹರಡುತ್ತಾರೆ. 2020ರ ಬೇಸಿಗೆಯಲ್ಲಿ ಊರೂರಿನ ಗಡಿಯಲ್ಲಿ, ಚೆಕ್‌ಪೋಸ್ಟುಗಳಲ್ಲಿ, ಅಂಗಡಿ ಬಾಗಿಲಲ್ಲಿ ಹಣೆಗೆ ಗನ್ನು ಹಿಡಿದು ಜ್ವರ ನೋಡಿದ್ದು ನೆನಪಿರಬಹುದು. ಆ ಗನ್ನು ಸಾರ್ಸ್ ಕಾಲದ ಆಯುಧ. ಕಂಡ ಮೇಲೆ ಹರಡುವ ರೋಗವನ್ನು ಅದು ಹಿಡಿಯುತ್ತದೆ, ಕಾಣುವ ಮೊದಲೇ ಹರಡುವುದಕ್ಕೆ ಹಾದಿ ಬಿಟ್ಟುಕೊಡುತ್ತದೆ. ಪಾಪ, ಬಿಸಿಲಲ್ಲಿ ನಿಂತು ಅದನ್ನು ಹಿಡಿದ ಹೋಂಗಾರ್ಡುಗಳದ್ದು ತಪ್ಪೇನಿಲ್ಲ. ಹಿಂದಿನ ಯುದ್ಧದ ತಯಾರಿಯಲ್ಲಿ ಈಗಿನ ಯುದ್ಧಕ್ಕೆ ಹೋದದ್ದು ಜಗತ್ತಿನ ದೊಡ್ಡ ದೊಡ್ಡ ವಿಮಾನ ನಿಲ್ದಾಣಗಳೇ.

ಹಾಗಾದರೆ ಹಾದಿ ಮುಚ್ಚಿದ್ದೆಲ್ಲ ವ್ಯರ್ಥವೇ, ಲಾಕ್‌ಡೌನ್ ಮಾಡಿ ಜನರ ಹೊಟ್ಟೆಗೆ ಹೊಡೆದದ್ದಷ್ಟೇ ಬಂತೇ ಎಂದು ಯಾರಾದರೂ ಕೇಳಬಹುದು. ಕೇಳುವುದರಲ್ಲಿ ನ್ಯಾಯವಿದೆ. ಉತ್ತರಕ್ಕೆ 1918ಕ್ಕೇ ಹೋಗೋಣ. ಶಾಂತ ಸಾಗರದಲ್ಲಿ ಸಮೋವಾ ಎಂಬ ದ್ವೀಪಗಳಿವೆ. ಅಮೆರಿಕದ ಕೈಯಲ್ಲಿದ್ದ ಭಾಗ ಹಡಗುಗಳನ್ನು ತಡೆದು ನಿಲ್ಲಿಸಿತು. ಅಲ್ಲಿ ಫ್ಲೂಗೆ ಒಬ್ಬರೂ ಸಾಯಲಿಲ್ಲ. ನ್ಯೂಜಿಲೆಂಡ್ ಕೈಯಲ್ಲಿದ್ದ ಪಶ್ಚಿಮ ಭಾಗ ನವೆಂಬರಿನಲ್ಲಿ ಆಕ್ಲೆಂಡಿನಿಂದ ಬಂದ ಒಂದು ಹಡಗನ್ನು ಒಳಬಿಟ್ಟಿತು. ಅಲ್ಲಿ ಐದು ಜನರಲ್ಲಿ ಒಬ್ಬರು ಸತ್ತರು. ಹಾದಿ ಒಂದೇ ಇದ್ದು, ಪೂರ್ತಿ ಮುಚ್ಚಲು ಸಾಧ್ಯವಿದ್ದರೆ ತಡೆ ಕೆಲಸ ಮಾಡುತ್ತದೆ. ನಮ್ಮ ಬೆಟ್ಟಗಳು ದ್ವೀಪವಲ್ಲ. ಬೆಂಗಳೂರು–ಮಂಗಳೂರು ಹೆದ್ದಾರಿ ಸಕಲೇಶಪುರದ ಮೂಲಕ ಶಿರಾಡಿ ಘಾಟಿಗೆ ಇಳಿಯುತ್ತದೆ. ಬಂದರಿನ ಇಂಧನದ ಟ್ಯಾಂಕರು, ಸರಕಿನ ಲಾರಿ ಹಗಲೂ ರಾತ್ರಿ ಓಡುವ ದಾರಿ. ಬಿಸ್ಲೆ ಘಾಟಿ ಬೇರೆ, ರೈಲು ಬೇರೆ, ಮೂಡಿಗೆರೆ, ಬೇಲೂರು, ಸೋಮವಾರಪೇಟೆಯ ಕಡೆಯ ದಾರಿಗಳು ಬೇರೆ. ಇದನ್ನು ಮುಚ್ಚಲಾಗುವುದಿಲ್ಲ, ತಡಮಾಡಬಹುದು. 2020ರ ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆದರೂ ಹಾಸನ ಜಿಲ್ಲೆ ಮೇ ಎರಡನೇ ವಾರದವರೆಗೆ ಹಸಿರು ವಲಯದಲ್ಲೇ ಇತ್ತು. ಮೊದಲ ಪ್ರಕರಣಗಳು ಕಂಡದ್ದು ಮುಂಬೈಯಿಂದ ಮರಳಿದವರಲ್ಲಿ. ಆ ಎರಡು ತಿಂಗಳು ಬರಿಗೈಯಲ್ಲಿ ಹೋದದ್ದಲ್ಲ. ಜೂನ್ 2020ರಲ್ಲಿ ಡೆಕ್ಸಮೆಥಸೋನ್ ಎಂಬ ಅಗ್ಗದ ಹಳೆಯ ಔಷಧ ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ಕಡಿಮೆ ಮಾಡುತ್ತದೆ ಎಂದು ಗೊತ್ತಾಯಿತು. ಜನವರಿ 2021ಕ್ಕೆ ಲಸಿಕೆ ಬಂತು. ತಡವಾಗಿ ಕಾಯಿಲೆ ಬಿದ್ದವನಿಗೆ ಇವೆರಡೂ ದಕ್ಕುತ್ತವೆ. ಗಳಿಸಿದ ಸಮಯದಲ್ಲಿ ಏನು ಸಿದ್ಧ ಮಾಡಿಕೊಂಡಿರಿ ಎಂಬುದರ ಮೇಲೆ ಮುಚ್ಚಿದ್ದರ ಬೆಲೆ ನಿಲ್ಲುತ್ತದೆ. ಏನೂ ಮಾಡಿಕೊಳ್ಳದಿದ್ದರೆ ಮೆಣಸು ಕುಯ್ಯುವ ಹೊತ್ತಿನಲ್ಲಿ ಕೂಲಿ ಕಳೆದುಕೊಂಡವರ ಪಾಲಿಗೆ ಅದು ದಂಡವೇ.

ಎರಡನೆಯ ಆಕ್ಷೇಪ ಇಲ್ಲಿಯದೇ, ನಮ್ಮವರದೇ. ಇದು ಬೆಟ್ಟ, ಒಳ್ಳೆಯ ಗಾಳಿ, ಮನೆಯಿಂದ ಮನೆಗೆ ಒಂದು ಫರ್ಲಾಂಗು, ಇಲ್ಲಿಗೆ ಇಂಥ ರೋಗ ಎಲ್ಲಿ ಬರುತ್ತದೆ ಎಂಬುದು. ಗಾಳಿಯಲ್ಲಿ ಹರಡುವ ವೈರಾಣುವಿಗೆ ತಾಲ್ಲೂಕಿನಲ್ಲಿ ಚದರ ಕಿಲೋಮೀಟರಿಗೆ ಎಷ್ಟು ಜನ ಎಂಬುದು ಮುಖ್ಯವಲ್ಲ, ಒಂದು ಕೋಣೆಯಲ್ಲಿ ಎಷ್ಟು ಜನ ಎಂಬುದು ಮುಖ್ಯ. ತೋಟದ ಲೈನ್ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಹೆಂಚಿನ ಸೂರಿನಡಿ ಆರೆಂಟು ಕೋಣೆ. ನಡುವಿನ ಗೋಡೆ ಸೂರಿನವರೆಗೂ ಹೋಗುವುದಿಲ್ಲ, ಈ ಮನೆಯ ಕೆಮ್ಮು ಆ ಮನೆಗೆ ಕೇಳುತ್ತದೆ. ಮುಂದೊಂದು ಬಾಗಿಲು, ಗಾಳಿಗೆ ಒಂದು ಪುಟ್ಟ ಕಿಟಕಿ, ಅದಕ್ಕೂ ಚಳಿಗೆಂದು ಗೋಣಿ ತುರುಕಿದೆ. ಒಲೆಗೆ ಹಸಿ ಸೌದೆ. ಆಷಾಢದ ಮಳೆ ಹಿಡಿದರೆ ವಾರಗಟ್ಟಲೆ ಬಾಗಿಲು ತೆರೆಯುವ ಹಾಗಿಲ್ಲ. ಒದ್ದೆ ಕಂಬಳಿ, ಗೊಪ್ಪೆ ಎಲ್ಲ ಒಳಗೇ ನೇತಾಡುತ್ತವೆ, ಐದಾರು ಮಂದಿ ಒಟ್ಟಿಗೆ ಮಲಗುತ್ತಾರೆ. ಬೆಳಿಗ್ಗೆ ಪಿಕಪ್ಪಿನಲ್ಲಿ ಟಾರ್ಪಾಲಿನ ಕೆಳಗೆ ಹದಿನೈದು ಇಪ್ಪತ್ತು ಜನ ಒತ್ತಿ ನಿಂತು ಇನ್ನೊಂದು ತೋಟಕ್ಕೆ ಹೋಗುತ್ತಾರೆ. ಬಟವಾಡೆ ಆದ ಮೇಲೆ ಎಲ್ಲರೂ ಒಂದೇ ಸಂತೆಗೆ. ಬೆಂಗಳೂರಿನ ಯಾವ ವಠಾರಕ್ಕೂ ಕಡಿಮೆಯಿಲ್ಲದ ದಟ್ಟಣೆ ಇದು, ಸುತ್ತ ನೂರು ಎಕರೆ ಕಾಫಿ ಇದ್ದರೂ. 2021ರ ಜೂನ್‌ನಲ್ಲಿ ರಾಜ್ಯವೆಲ್ಲ ನಿರ್ಬಂಧ ಸಡಿಲಿಸುತ್ತಿದ್ದಾಗ ಸೋಂಕು ಇಳಿಯಲಿಲ್ಲವೆಂದು ಹನ್ನೊಂದು ಜಿಲ್ಲೆಗಳಲ್ಲಿ ಬಿಗಿ ಮುಂದುವರಿಸಿದರು. ಕಾಫಿಯ ಮೂರು ಜಿಲ್ಲೆಗಳು, ಕೊಡಗು, ಚಿಕ್ಕಮಗಳೂರು, ಹಾಸನ, ಮೂರೂ ಆ ಪಟ್ಟಿಯಲ್ಲಿದ್ದವು. ಮಲೆನಾಡಿನ ಗಾಳಿ ಒಳ್ಳೆಯದೇ, ಆದರೆ ಅದು ಕೋಣೆಯೊಳಕ್ಕೆ ಬರಬೇಕಲ್ಲ.

ಕಾಣುವ ಮೊದಲೇ ಹರಡುವ ರೋಗವನ್ನು ತಡೆಯುವುದು ಕಷ್ಟ ಎಂದಮೇಲೆ ಅದರ ಕೈಗೆ ಸಿಕ್ಕವರನ್ನು ಉಳಿಸುವುದರ ಕಡೆ ಹೆಚ್ಚು ಗಮನ ಹೋಗಬೇಕು. ಈ ವಿಷಯದಲ್ಲಿ 1918 ಕೊಡುವ ಸಾಕ್ಷ್ಯ ಬಹಳ ಸ್ಪಷ್ಟ. ಮುಂಬೈ ನಗರದ ಲೆಕ್ಕ ಇಂದಿಗೂ ಉಳಿದಿದೆ: ಆ ಪಿಡುಗಿನಲ್ಲಿ ಯುರೋಪಿಯನ್ನರಲ್ಲಿ ಸಾವಿರಕ್ಕೆ ಎಂಟು ಮಂದಿ ಸತ್ತರೆ, ಆಗ ಕೀಳುಜಾತಿಯವರೆಂದು ಪಟ್ಟಿಮಾಡಿದ ಹಿಂದೂಗಳಲ್ಲಿ ಸಾವಿರಕ್ಕೆ ಅರವತ್ತೊಂದು. ವೈರಾಣು ಒಂದೇ, ಊರು ಒಂದೇ, ತಿಂಗಳೂ ಒಂದೇ. ಏಳುಪಟ್ಟು ವ್ಯತ್ಯಾಸ ಬಂದದ್ದು ಮನೆಯಿಂದ, ಊಟದಿಂದ, ಹಾಸಿಗೆಯ ಪಕ್ಕ ನೀರು ಕೊಡುವವರಿದ್ದರೋ ಇಲ್ಲವೋ ಎಂಬುದರಿಂದ. ಆ ವರ್ಷ ಮುಂಗಾರು ಕೈಕೊಟ್ಟಿತ್ತು, ಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಲಗಿದರೆ ಒಲೆ ಹಚ್ಚುವವರೇ ಇಲ್ಲ. ಬೇರೆ ದೇಶಗಳಿಗೆ ವಿರುದ್ಧವಾಗಿ ಭಾರತದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು. ಎಲ್ಲರ ಆರೈಕೆ ಮಾಡಿ ಕೊನೆಗೆ ತಾವು ಮಲಗಿದಾಗ ನೋಡಿಕೊಳ್ಳಲು ಯಾರೂ ಉಳಿದಿರಲಿಲ್ಲ ಎಂಬುದು ಅದಕ್ಕೆ ಕೊಡುವ ಒಂದು ಮುಖ್ಯ ಕಾರಣ. ವೈದ್ಯರಿಗೆ ಆಗ ರೋಗದ ಕಾರಣವೇ ತಿಳಿದಿರಲಿಲ್ಲ. ಮನುಷ್ಯರ ಫ್ಲೂ ವೈರಾಣುವನ್ನು ಬೇರ್ಪಡಿಸಿದ್ದು 1933ರಲ್ಲಿ. ಅಂಥ ಕಾಲದಲ್ಲೂ ಊರೂರಲ್ಲಿ ಗಂಜಿ ಕಾಯಿಸಿ ಮನೆಬಾಗಿಲಿಗೆ ಮುಟ್ಟಿಸಿದ ಸ್ವಯಂಸೇವಕರು ಬಹಳ ಜೀವ ಉಳಿಸಿದರು. ಆಗಿನ ಔಷಧಿಗಳಿಗಿಂತ ಆ ಗಂಜಿ ಮೇಲೆಂದು ನನ್ನ ಎಣಿಕೆ.

ಆಗ ಪ್ರತಿಜೀವಕಗಳಿರಲಿಲ್ಲ, ಆಸ್ಪತ್ರೆಗಳಲ್ಲಿ ಈಗಿನಂತೆ ಆಮ್ಲಜನಕವಾಗಲಿ, ಫ್ಲೂ ಲಸಿಕೆಯಾಗಲಿ ಇರಲಿಲ್ಲ, ಅಂದಿನ ಗಂಜಿಯ ಮಾತು ಇಂದಿಗೆ ಹೇಗೆ ಸಲ್ಲುತ್ತದೆ ಎನ್ನುವವರಿದ್ದಾರೆ. 1918ರ ಸಾವುಗಳಲ್ಲಿ ಬಹುಪಾಲು ಫ್ಲೂ ಹಿಂದೆ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಆದವು. ಈಗಾಗಿದ್ದರೆ ಅವರಲ್ಲಿ ಎಷ್ಟೋ ಜನ ಬದುಕುತ್ತಿದ್ದರು. ಅದನ್ನು ಒಪ್ಪುತ್ತೇನೆ. ಆದರೆ ಔಷಧ ಇರುವುದು ಬೇರೆ, ಕೈಗೆ ಸಿಗುವುದು ಬೇರೆ. 2021ರ ಮೇ ಆರಂಭದಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯಿಂದಾದ ದುರಂತ ನಡೆದದ್ದು ಆಮ್ಲಜನಕ ಎಂದರೇನು ಎಂದು ಗೊತ್ತಿಲ್ಲದ ಕಾಲದಲ್ಲಲ್ಲ. ಸಕಲೇಶಪುರದಲ್ಲಿ ಕ್ರಾಫರ್ಡ್ ಆಸ್ಪತ್ರೆ ಇದೆ, ಆಲೂರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ, ಅದಕ್ಕೂ ಮಿಕ್ಕಿದ್ದು ಹಾಸನದ ವೈದ್ಯಕೀಯ ಕಾಲೇಜಿಗೆ. ಹೆತ್ತೂರು, ಯಸಳೂರು ಹೋಬಳಿಯ ಒಳಗಿನ ಊರಿನಿಂದ ಅಲ್ಲಿಗೆ ಹೋಗುವುದೆಂದರೆ ಮೊದಲು ತೋಟದ ಜೀಪು ರಸ್ತೆ ದಾಟಬೇಕು, ಬಿದ್ದ ಮರ ಎತ್ತಬೇಕು. ಸಂಜೆ ಆರು ದಾಟಿದರೆ ಆನೆ. ಆಲೂರಿನ ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆಯ ಕಡೆ ಕತ್ತಲಾದ ಮೇಲೆ ಬೈಕಿನಲ್ಲಿ ಹೊರಡುವುದೆಂದರೆ ಜೀವದ ಜೊತೆ ಚೌಕಾಸಿ. ಕೋವಿಡ್‌ನಲ್ಲಿ ಉಸಿರು ಕೆಡುವುದು ಸದ್ದಿಲ್ಲದೆ. ರೋಗಿ ಮಾತಾಡುತ್ತಲೇ ಇರುತ್ತಾನೆ, ರಕ್ತದಲ್ಲಿ ಆಮ್ಲಜನಕ ಇಳಿದಿರುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಮಧ್ಯಾಹ್ನ ಎರಡಕ್ಕೆ ತೊಂಬತ್ತೆರಡು ತೋರಿಸಿದರೆ ಹಗಲಿನಲ್ಲೇ ಹೊರಡಿಸಬಹುದು. ಅದು ಲೈನ್ ಮನೆಯಲ್ಲಿಲ್ಲದಿದ್ದರೆ ತಿಳಿಯುವುದು ರಾತ್ರಿ ಹತ್ತಕ್ಕೆ, ತುಟಿ ನೀಲಿಯಾದಾಗ. ಕರೆಂಟು ಹೋದರೆ ನಿಲ್ಲುವ ಆಮ್ಲಜನಕ ಯಂತ್ರ ಮಲೆನಾಡಿನ ಮಳೆಗಾಲದಲ್ಲಿ ಯಾವ ಪುರುಷಾರ್ಥಕ್ಕೆ? ಸಿಲಿಂಡರೂ ಜನರೇಟರೂ ಜೊತೆಗಿದ್ದರೆ ಮಾತ್ರ ಅದು ಯಂತ್ರ.

ಇಲ್ಲಿಯವರೆಗೆ ಎರಡು ಜಾತಿ ಹೇಳಿದೆ. ಮೂರನೆಯದು ನಮ್ಮ ಬೆಟ್ಟಗಳಿಗೆ ಮೊದಲೆರಡಕ್ಕಿಂತ ಹತ್ತಿರ, ಮತ್ತು ಕೊರೊನಾದ ಪಾಠವನ್ನು ಅದರ ಮೇಲೆ ಹೇರಿದರೆ ಅಪಾಯ. ಏಷ್ಯಾದ ಫ್ಲೂ ಬಂದ 1957ರಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರೂ ಸತ್ತರು. ಮೊದಲು ಹಳದಿ ಜ್ವರ ಇರಬಹುದೆಂದು ಗಾಬರಿಯಾಗಿ ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸದೇ ವೈರಾಣು, ಉಣ್ಣೆಯ ಕಡಿತದಿಂದ ಬರುವಂಥದ್ದು. ಮಂಗನ ಕಾಯಿಲೆ ಎಂದು ಹೆಸರಾದ ಅದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ದಶಕಗಟ್ಟಲೆ ಶಿವಮೊಗ್ಗ, ಉತ್ತರ ಕನ್ನಡದ ಸುತ್ತ ಇದ್ದದ್ದು 2012ರ ಹೊತ್ತಿಗೆ ಬಂಡೀಪುರದ ಕಡೆ, ಆಮೇಲೆ ವಯನಾಡು, ಗೋವಾದಲ್ಲೂ ಕಂಡಿತು. 2024ರಲ್ಲಿ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಕರಣಗಳಾದವು. ಹಳೆಯ ಲಸಿಕೆಗೆ ಸಾಕಷ್ಟು ಶಕ್ತಿಯಿಲ್ಲವೆಂದು 2022ರಲ್ಲಿ ನಿಲ್ಲಿಸಿದ್ದಾರೆ. ಮಂಗನ ಕಾಯಿಲೆಯ ರೋಗಿಯನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ, ಅವನ ಮನೆಯವರನ್ನು ಊರಿನವರು ದೂರ ಇಟ್ಟರೆ ರೋಗಕ್ಕೆ ಏನೂ ಆಗುವುದಿಲ್ಲ, ರೋಗಿಗೆ ಮಾತ್ರ ಹಿಂಸೆ. ನೋಡಬೇಕಾದದ್ದು ಸತ್ತ ಮಂಗವನ್ನು, ಹಚ್ಚಿಕೊಳ್ಳಬೇಕಾದದ್ದು ಉಣ್ಣೆ ಹತ್ತದ ತೈಲವನ್ನು. ಉಣ್ಣೆ ಮರಿಗಳ ಕಾಲ ಮಳೆ ನಿಂತ ಮೇಲಿನಿಂದ ಬೇಸಿಗೆಯವರೆಗೆ. ರೋಬಸ್ಟಾ ಕುಯ್ಲು, ಮೆಣಸು ಕುಯ್ಲು, ಸೌದೆ ತರುವುದು, ದರಗು ಗುಡಿಸುವುದು ಎಲ್ಲ ಅದೇ ತಿಂಗಳುಗಳಲ್ಲಿ. ಚಿಕೂನ್‌ಗುನ್ಯಾದ್ದೂ ಇದೇ ಲೆಕ್ಕ. 2006ರಲ್ಲಿ ಕರ್ನಾಟಕವೊಂದರಲ್ಲೇ 7.6 ಲಕ್ಷ ಶಂಕಿತ ಪ್ರಕರಣಗಳಾದವು. ಆಗ ಬೇಕಿದ್ದದ್ದು ಮುಖಗವಸಲ್ಲ, ಸೊಳ್ಳೆ ಮೊಟ್ಟೆಯಿಡುವ ನೀರಿನ ಡ್ರಮ್ಮಿಗೆ ಮುಚ್ಚಳ.

ಹೊಸ ವೈರಾಣು ಬಂದ ದಿನ ಅದು ಯಾವ ಜಾತಿಯದೆಂದು ಯಾರಿಗೆ ಗೊತ್ತಿರುತ್ತದೆ, ಗೊತ್ತಾಗುವ ಹೊತ್ತಿಗೆ ಕಾಲ ಮೀರಿರುವುದಿಲ್ಲವೇ? ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದೇ. ಗೊತ್ತಾಗುವವರೆಗೆ ಕೆಟ್ಟದ್ದನ್ನೇ, ಅಂದರೆ ಕಾಣುವ ಮೊದಲೇ ಹರಡುತ್ತದೆ ಎಂದೇ ಹಿಡಿದು ನಡೆಯಬೇಕು. ಗೊತ್ತಾದ ದಿನ ನಿಯಮ ಬದಲಿಸಲು ಹಿಂಜರಿಯಬಾರದು. ಕೋವಿಡ್‌ನಲ್ಲಿ ಆ ಎರಡನೆಯದು ನಮ್ಮಿಂದ ಆಗಲಿಲ್ಲ: ರೋಗ ಗಾಳಿಯಲ್ಲಿ ಹರಡುತ್ತದೆ ಎಂದು ಗೊತ್ತಾದ ಮೇಲೂ ತಿಂಗಳುಗಟ್ಟಲೆ ರಸ್ತೆಗೆ ಔಷಧ ಸಿಂಪಡಿಸಿದೆವು, ಬಾಗಿಲು ಕಿಟಕಿ ಮುಚ್ಚಿಕೊಂಡು ಕೂತೆವು. ಹರಡುವ ಹೊತ್ತನ್ನು ಬೇಗ ತಿಳಿಯಬೇಕಾದರೆ ಜ್ವರದ ಸುದ್ದಿ ಬೇಗ ಸಿಗಬೇಕು. ಈ ಸೀಮೆಯಲ್ಲಿ ಅದಕ್ಕೊಂದು ಮಾದರಿ ಈಗಾಗಲೇ ಇದೆ. ಅರಣ್ಯ ಇಲಾಖೆಯವರು ಆನೆಗಳ ಜಾಡು ಹಿಡಿದು, ಗುಂಪು ಯಾವ ತೋಟದ ಕಡೆ ಇದೆ ಎಂದು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. ಅದನ್ನು ನೋಡಿ ತೋಟದ ಲೆಕ್ಕ ಬರೆಯುವ ರೈಟರು ಇವತ್ತು ಆಳುಗಳನ್ನು ಯಾವ ಬ್ಲಾಕಿಗೆ ಕಳಿಸಬೇಕೆಂದು ತೀರ್ಮಾನಿಸುತ್ತಾರೆ. ಜ್ವರಕ್ಕೂ ಇಂಥದ್ದೊಂದು ಸಾಧ್ಯ. ಸರ್ಕಾರದ ರೋಗ ಕಣ್ಗಾವಲು ಯೋಜನೆ 2004ರಿಂದ ನಡೆದಿದೆ, ಆಶಾ ಕಾರ್ಯಕರ್ತೆಯರು ವರದಿ ಕೊಡುತ್ತಲೂ ಇದ್ದಾರೆ. ಆದರೆ ಸುದ್ದಿ ಮೇಲಕ್ಕೆ ಹೋಗುವಷ್ಟು ವೇಗವಾಗಿ ಕೆಳಕ್ಕೆ ಬರುವುದಿಲ್ಲ. ಹಾನುಬಾಳು ಹೋಬಳಿಯ ಮೂರು ಲೈನುಗಳಲ್ಲಿ ಈ ವಾರ ಜ್ವರ ಇದೆ, ಇಂಥ ಕಾಡಿನಂಚಿನಲ್ಲಿ ಮಂಗ ಸತ್ತಿದೆ ಎಂಬ ಎರಡು ಸಾಲು ಬೆಳಗೋಡಿನ ಬೆಳೆಗಾರನಿಗೆ, ಬಾಳ್ಳುಪೇಟೆಯ ಕ್ಲಿನಿಕ್ಕಿಗೆ ಅದೇ ದಿನ ತಲುಪಿದರೆ ಅದರ ಬೆಲೆ ಜಿಲ್ಲಾ ಕಚೇರಿಯ ಕಡತದಲ್ಲಿರುವ ಅಂಕಿಅಂಶಕ್ಕಿಂತ ಹೆಚ್ಚು.

ಆದರೆ ಜ್ವರ ಬಂದವನು ಹೇಳಬೇಕಲ್ಲ. ಈಗ ಕುಯ್ಲಿಗೆ ಬರುವವರಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯವರೂ ಬಹಳ. ರೋಗ ತಂದವರು ಇವರೇ ಎಂದು ಬೆರಳು ತೋರಿಸುವುದು ಸುಲಭ, ಎಷ್ಟೋ ಪಿಡುಗುಗಳಲ್ಲಿ ಹೊರಗಿನಿಂದ ಬಂದ ದುಡಿಮೆಗಾರನ ಮೇಲೆಯೇ ಆ ಬೆರಳು. ಅವರ ಜೊತೆ ರೋಗ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಜನ ಓಡಾಡಿದಲ್ಲಿ ವೈರಾಣು ಬರುತ್ತದೆ, ಮಂಗಳೂರಿಗೆ ಮದುವೆಗೆ ಹೋಗಿ ಬಂದ ಸಾಹುಕಾರರ ಕಾರಿನಲ್ಲೂ ಬರುತ್ತದೆ. ಬೈದರೆ, ಓಡಿಸಿದರೆ ಜ್ವರ ಬಚ್ಚಿಟ್ಟುಕೊಳ್ಳುತ್ತಾರೆ. ಆ ದಿನದ ಕೂಲಿ ಹೋಗುತ್ತದೆ ಎಂದರೂ ಬಚ್ಚಿಟ್ಟುಕೊಳ್ಳುತ್ತಾರೆ. ಸಿಡುಬಿನ ಕಾಲದಲ್ಲಿ ಹೇಳಿದವರಿಗೆ ಬಹುಮಾನ ಇತ್ತು, ನಮ್ಮಲ್ಲಿ ಹೇಳಿದವರಿಗೆ ದಂಡ. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಕರ್ಯ, ವಸತಿ, ಕಾಯಿಲೆಯ ದಿನಗಳ ಭತ್ಯೆ ಎಲ್ಲವನ್ನೂ ಬರೆದಿಟ್ಟಿತು, ಆದರೆ ಆಮೇಲಿನ ತಿದ್ದುಪಡಿಯ ನಂತರವೂ ಅದು ಸಲ್ಲುತ್ತಿದ್ದುದು ಐದು ಹೆಕ್ಟೇರು ಅಥವಾ ಹೆಚ್ಚಿದ್ದು, ಹದಿನೈದು ಜನರಾದರೂ ಕೆಲಸಕ್ಕಿದ್ದ ತೋಟಗಳಿಗೆ ಮಾತ್ರ. ನಮ್ಮ ಬೆಳೆಗಾರರಲ್ಲಿ ಬಹುಪಾಲು ಸಣ್ಣವರು, ಆಳುಗಳಲ್ಲಿ ಬಹುಪಾಲು ಮೇಸ್ತ್ರಿಯ ಮೂಲಕ ಬಂದು ತಿಂಗಳಿಗೊಂದು ತೋಟ ಬದಲಿಸುವವರು. ಕಾಯ್ದೆಯ ಜಾಲರಿಯಿಂದ ಕೆಳಗೆ ಜಾರಿದವರು ಇವರೇ, ಮುಂಬೈಯ ಆ ಸಾವಿರಕ್ಕೆ ಅರವತ್ತೊಂದರ ಜಾಗದಲ್ಲಿ ನಿಂತಿರುವವರೂ ಇವರೇ.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಎಂದು ಸಣ್ಣ ಬೆಳೆಗಾರ ಕೇಳುತ್ತಾನೆ, ರೇಟು ಬಿದ್ದ ವರ್ಷ ನೋಡಿದವನು ಅವನು. ದೊಡ್ಡ ಖರ್ಚು ಅವನ ಮೇಲೆ ಹಾಕಬೇಕಿಲ್ಲ. ಆಮ್ಲಜನಕ, ಜನರೇಟರು, ರಾತ್ರಿ ಅರಣ್ಯ ಇಲಾಖೆಯ ಜೀಪಿನ ಬೆಂಗಾವಲಿನಲ್ಲಿ ಹೊರಡುವ ಆಂಬುಲೆನ್ಸು, ಇವು ಸರ್ಕಾರದ ಕೆಲಸ, ಹೋಬಳಿಗೊಂದರಂತೆ. ಅಕ್ಕಪಕ್ಕದ ಹತ್ತು ತೋಟದವರು ಸೇರಿದರೆ ಆಗುವುದು ಬೇರೆ ಇದೆ: ಜ್ವರ ಬಂದವನಿಗೆ ಐದು ದಿನದ ಅರ್ಧ ಕೂಲಿಗಾಗುವಷ್ಟು ಒಂದು ನಿಧಿ, ಖಾಲಿ ಇರುವ ಒಂದು ಲೈನ್ ಕೋಣೆಗೆ ಎದುರುಬದುರಾಗಿ ಎರಡು ಕಿಟಕಿ, ರೈಟರ ಕೈಯಲ್ಲಿ ಒಂದು ಆಕ್ಸಿಮೀಟರು, ಒಂದು ಥರ್ಮಾಮೀಟರು, ಮಲಗಿದ ಮನೆಗೆ ಎರಡು ಹೊತ್ತು ಅನ್ನ ಸಾರು ಕಳಿಸುವುದು ಯಾರ ಪಾಳಿ ಎಂಬ ಪಟ್ಟಿ. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ, ಹೊರಗಿನ ಆಳುಗಳು ಬಂದಿಳಿಯುವುದು ಅದಕ್ಕೆ ಸ್ವಲ್ಪ ಮುಂಚೆ. ಕಿಟಕಿ ಇಡಿಸುವ ಗಾರೆಯವನನ್ನು ಕರೆಸಬೇಕಾದದ್ದು ಮಳೆ ಹಿಂದೆಗೆದ ಕೂಡಲೇ, ದಸರೆಯ ಹೊತ್ತಿಗೆ. ಕುಯ್ಲು ಶುರುವಾದ ಮೇಲೆ ಅವನೂ ಸಿಗುವುದಿಲ್ಲ.